ಕೆಳಗಿನ ಬಿಳಿ ಪಟ್ಟಿ

ಚಿತ್ತವಾಡ್ಗಿಯ ನಮ್ಮ ಕೆಲಸದ ಚಪ್ಪರದಲ್ಲಿ ನಾನು ದಿನಕ್ಕೆ ಹತ್ತು ಸಲವಾದರೂ ಆಡುತ್ತಿದ್ದ ಮಾತು ಒಂದೇ: ‘ಗೊತ್ತದ ಬಿಡ್ರಿ.’ ಕಂಪ್ಲಿಯಿಂದ ಬಂದ ರೈತ ಗಾಲಿಯ ಅಳತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಗೊತ್ತದ ಬಿಡ್ರಿ. ಬುಕ್ಕಸಾಗರದ ಮುದುಕಿ ತೊಟ್ಟಿಲಿಗೆ ಯಾವ ಮರ ಆಗಿಬರುತ್ತದೆಂದು ಹೇಳತೊಡಗಿದರೆ, ಗೊತ್ತದ ಬಿಡವ್ವಾ. ಸುಳ್ಳಲ್ಲ, ಬಹುಮಟ್ಟಿಗೆ ಗೊತ್ತೇ ಇರುತ್ತಿತ್ತು. ನಾನು ಕೂಡಿಸಿದ ಗಾಲಿ ಸಂಡೂರಿನ ಘಟ್ಟ ಹತ್ತಿ ಇಳಿದರೂ ಅದರ ಒಂದು ಅರದ ಕಡ್ಡಿಯೂ ಅಲುಗುತ್ತಿರಲಿಲ್ಲ. ಮರವನ್ನು ಕಣ್ಣು ಮುಚ್ಚಿ ಮೂಸಿ, ಇದು ಹೊನ್ನೆ, ಇದು ದಿಂಡಿಗ, ಇದು ಬೇವು ಎಂದು ಹೇಳುತ್ತಿದ್ದೆ.

ಆದರೆ ಆ ಮಾತು ನನಗೆ ಅಂಟಿದ್ದು ಮರದಿಂದಲ್ಲ, ಶಾಲೆಯಿಂದ. ಮೂರನೆಯ ತರಗತಿಯಲ್ಲಿದ್ದಾಗ ಅಪ್ಪನ ಬಲಗೈ ಮೇಲೆ ತೊಲೆ ಬಿದ್ದು ಅವನ ಬೆರಳು ಮಡಚದಂತಾದವು. ಮರುವಾರ ಬಾಚಿ ನನ್ನ ಕೈಗೆ ಬಂತು, ಸ್ಲೇಟು ತಂಗಿಗೆ ಹೋಯಿತು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ. ಇಂಗ್ಲಿಷು ಅಂದರೆ ನನಗೆ ಇರುವೆ ಸಾಲು. ಓದಿದವರ ಎದುರು ‘ಗೊತ್ತಿಲ್ಲ’ ಎಂದಾಗ ಅವರ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗೆ ಹುಟ್ಟುತ್ತದಲ್ಲ, ಅದನ್ನು ನಾನು ಸಹಿಸಲಾರೆ. ಆ ನಗೆ ಹುಟ್ಟುವ ಮೊದಲೇ ಗೊತ್ತದ ಅಂದುಬಿಡುವುದು ನನಗೆ ಕಣ್ಣೆವೆ ಬಡಿದಷ್ಟು ಸಲೀಸಾಗಿತ್ತು.

ನಾನು ಹೇಳುತ್ತಿರುವುದು ನಮ್ಮ ಸೀಮೆ ಮದರಾಸಿಗೆ ಸೇರಿದ್ದ ಕಾಲದ ಮಾತು. ಹೊಳೆಗೆ ಅಣೆಕಟ್ಟು ಕಟ್ಟುತ್ತಾರೆ ಎನ್ನುವುದು ಆಗಿನ್ನೂ ಬರೀ ಮಾತು. ಹೊಸಪೇಟೆಯ ಹೈಸ್ಕೂಲಿನಲ್ಲಿ ಹುಡುಗರಿಗೆ ಮರಗೆಲಸ ಕಲಿಸುವ ಒಂದು ಹೊಸ ಕ್ಲಾಸು ತೆರೆಯುತ್ತಾರಂತೆ, ಅದಕ್ಕೊಬ್ಬ ಮೇಷ್ಟ್ರು ಬೇಕಂತೆ ಎಂಬ ಸುದ್ದಿ ಬಂತು. ನಮ್ಮ ಮನೆತನದಲ್ಲಿ ಕುರ್ಚಿ ಮಾಡಿದವರು ಬೇಕಾದಷ್ಟು ಜನ, ಕುರ್ಚಿ ಮೇಲೆ ಕೂತು ಕೆಲಸ ಮಾಡಿದವರು ಒಬ್ಬರೂ ಇಲ್ಲ. ತಲೆಗೆ ಹೊಸ ಪೇಟ ಸುತ್ತಿ ಹೆಡ್ಮಾಸ್ಟರ ಮುಂದೆ ಹೋಗಿ ನಿಂತೆ.

ಅವರು ಮದರಾಸಿನ ಕಡೆಯವರು, ಲೆಕ್ಕದ ಮೇಷ್ಟ್ರು. ಕನ್ನಡವನ್ನು ಅಳೆದು ಅಳೆದು ಆಡುತ್ತಿದ್ದರು.

‘ಎಷ್ಟು ಓದಿದ್ದೀಯ?’

‘ಎಂಟನೇದು ಮುಗ್ಸೇನ್ರಿ.’

ಈ ಮಾತು ಎಲ್ಲಿಂದ ಬಂತೋ ನನಗೇ ತಿಳಿಯಲಿಲ್ಲ. ಅವರಿಗೆ ಬೇಕಾದದ್ದು ಎಂಟನೆಯದು ಎಂದು ಬಾಗಿಲಲ್ಲಿ ಜವಾನ ಹೇಳಿದ್ದ, ಅಷ್ಟೇ.

‘ಸರ್ಟಿಫಿಕೇಟು?’

‘ಕಂಪ್ಲಿಯಾಗ ಮಾವನ ಮನ್ಯಾಗ ಇಟ್ಟಿದ್ವಿರಿ. ಹೊಳಿ ಬಂದಾಗ ಪೆಟ್ಗಿ ಸಮೇತ ಹೋತ್ರಿ.’

ಅವರು ತಲೆಯಾಡಿಸಿ, ಬರುವ ತಿಂಗಳು ಇನ್‌ಸ್ಪೆಕ್ಟರು ಬರುತ್ತಾರೆ, ಅಷ್ಟರಲ್ಲಿ ದೊಡ್ಡ ಹಾಲಿನ ಗೋಡೆಗೆ ಪ್ರಪಂಚದ ಒಂದು ನಕಾಶೆಯನ್ನು ಮರದಲ್ಲಿ ಮಾಡಿಕೊಡು, ಅದು ಚೆನ್ನಾಗಿದ್ದರೆ ಕೆಲಸ ನಿನ್ನದು ಎಂದರು. ಭೂಗೋಳದ ಮೇಷ್ಟ್ರು ಎಲ್ಲ ತಿಳಿಸಿಕೊಡುತ್ತಾರೆ.

‘ಗೊತ್ತದ ಬಿಡ್ರಿ’ ಎಂದೆ.

ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಕಂಪ್ಲಿಯವಳು, ನನಗಿಂತ ಸರಾಗ ಓದುವವಳು. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

‘ನಮ್ಮಪ್ಪನ ಮನಿಗೆ ಹೊಳಿ ಯಾವಾಗ ಬಂದಿತ್ರಿ? ಮನ್ಯಾಗ ಇದ್ದ ನಮಗ ಗೊತ್ತ ಆಗ್ಲಿಲ್ಲಲ್ಲ!’

‘ಸುಮ್ನಿರಲೇ.’

‘ಮೂರನೇದಕ್ಕ ಬಿಟ್ಟವ್ರು ಎಂಟನೇದು ಅಂದ್ರಿ. ಐದು ವರ್ಷ ಒಂದು ಮಾತಿನ್ಯಾಗ ಜಿಗಿದ್ರಿ. ಭಾಳ ಶ್ಯಾಣ್ಯಾರು ಬಿಡ್ರಿ.’ ಮತ್ತೆ ರೊಟ್ಟಿ ಬಡಿಯತೊಡಗಿ, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಅಂದಳು: ‘ತಿಳೀದಿದ್ದದ್ದು ಏನರ ಬಂದ್ರ ಕೇಳ್ರಿ ಮತ್ತ. ಕೇಳಿದ್ರ ಬಾಯಿ ಸವೆಯಂಗಿಲ್ಲ.’

ಭೂಗೋಳದ ಮೇಷ್ಟ್ರು ಬಳ್ಳಾರಿಯವರು, ಕಡ್ಡಿಯಂಥ ಮನುಷ್ಯ, ಉಬ್ಬಸ. ಅವರ ಕೆಲಸವೂ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆ ಶಾಲೆ ಬಿಟ್ಟಮೇಲೆ ಕೊಡೆ ಊರಿಕೊಂಡು ನಮ್ಮ ಚಪ್ಪರಕ್ಕೆ ಬಂದು, ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಮರದ ದಿಮ್ಮಿ ಮೇಲೆ ಕೂರುತ್ತಿದ್ದರು. ನಕಾಶೆಯ ಯೋಚನೆ ಅವರದೇ, ಭಾಳ ಚಂದದ ಯೋಚನೆ. ಬಣ್ಣ ಬಳಿದು ಕಾಡು ತೋರಿಸುವುದು ಬೇಡ. ಯಾವ ಸೀಮೆಯಲ್ಲಿ ಯಾವ ಕಾಡೋ ಆ ಜಾತಿಯ ಮರವನ್ನೇ ಅಲ್ಲಿ ಕೂರಿಸೋಣ. ಹುಡುಗರು ಮುಟ್ಟಿ ನೋಡಲಿ, ಮೂಸಿ ನೋಡಲಿ.

ನಮ್ಮ ಕಡೆಯ ಕಾಡಿಗೆ ತೇಗ, ಹೊನ್ನೆ, ದಿಂಡಿಗವನ್ನು ಸಂಡೂರಿನ ಗುಡ್ಡದ ಕಡೆಯಿಂದ ತಂದೆ. ಉಳಿದದ್ದು ಉತ್ತರದ ಚಳಿ ದೇಶದ ಕಾಡು. ಅಂಥ ಮರ ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ. ಆದರೆ ಕಂಪ್ಲಿಯ ಅಕ್ಕಿ ಗಿರಣಿಗೆ ಹಡಗಿನಲ್ಲಿ ಬಂದ ಎಂಜಿನ್ನಿನ ಪೆಟ್ಟಿಗೆಗಳನ್ನು ಒಡೆದು ಹಿತ್ತಲಿಗೆ ಎಸೆದಿದ್ದರು. ಬಿಳಿ ಹಲಗೆ. ನಾನು ಬಂಡಿ ಕಟ್ಟಿಕೊಂಡು ಹೋಗಿ ತಂದೆ. ಮೊದಲ ಸಲ ಕೀಸಿದಾಗ ಚಪ್ಪರದ ತುಂಬ ಒಂದು ವಾಸನೆ ಎದ್ದಿತು. ಟರ್ಪೆಂಟೈನೂ ಧೂಪವೂ ಕೂಡಿದಂತೆ. ಉಳಿ ಇಟ್ಟರೆ ಬೆಣ್ಣೆ, ಗಂಟು ಸಿಕ್ಕಲ್ಲಿ ಮಾತ್ರ ಕಲ್ಲು.

‘ಇವಕ್ಕ ಅಗಲ ಎಲಿ ಇಲ್ಲ ಆಚಾರ್ರೇ’ ಎಂದರು ಮೇಷ್ಟ್ರು. ‘ದಬ್ಬಣದಂಥಾ ಎಲಿ. ಮ್ಯಾಲೆ ಹಿಮ ಬಿದ್ರ ನಿಲ್ಲಂಗಿಲ್ಲ, ಜಾರಿ ಹೋಗ್ತದ. ಎಲಿ ಒಮ್ಮಿಗೇ ಉದುರಂಗಿಲ್ಲ, ಯಾವಾಗ್ಲೂ ಹಸರ. ಹೂವಿಲ್ಲ, ಹಣ್ಣಿಲ್ಲ, ಮೀನಿನ ಹುರುಪಿಯಂಗ ಪದರ ಪದರ ಮುಚ್ಚಿದ ಗೋಪುರದಂಥಾ ಕಾಯಿ. ಭೂಮಿ ತಲಿಗೆ ರುಮಾಲು ಸುತ್ತಿಧಂಗ ಆ ಕಡೆಯಿಂದ ಈ ಕಡಿಗೆ ಒಂದ ಪಟ್ಟಿ. ರೈಲಿನ್ಯಾಗ ಕುಂತ್ರ ವಾರಗಟ್ಲೆ ಬರೇ ಅದ ಮರ, ಅದ ಮರ.’

‘ನಮ್ಮ ಹಿಮಾಲಯದಾಗ?’

‘ಅಲ್ಲೂ ಅವ. ಗುಡ್ಡ ಏರಿಧಂಗ ಚಳಿ ಏರ್ತದಲ್ಲ, ಅದಕ್ಕ. ಉತ್ತರಕ್ಕ ಹೋಗೋದೂ ಒಂದ, ಮ್ಯಾಲಕ್ಕ ಹೋಗೋದೂ ಒಂದ, ಆ ಮರಕ್ಕ.’

ನಾನು ಕೀಸಿದ ಹಲಗೆಯನ್ನು ಅವರ ತೊಡೆಯ ಮೇಲಿಟ್ಟೆ. ಬಿಳಿ ಅಗಲ, ಕಂದು ಗೆರೆ, ಮತ್ತೆ ಬಿಳಿ, ಮತ್ತೆ ಕಂದು. ‘ಇದು ನೋಡ್ರಿ ಸಾರು. ಬಿಳೇದು ಮೆತ್ತಗ, ಕಂದು ಗಟ್ಟಿ. ಬಿಳೇದು ಗಬಗಬ ಬೆಳೆದದ್ದು, ಕಂದು ತಡೆದು ತಡೆದು ಬೆಳೆದದ್ದು. ಎರಡೂ ಕೂಡಿ ಒಂದು ವರ್ಷ. ಗೆರಿ ಎಷ್ಟು ಒತ್ತೊತ್ತ ಅದಾವ ನೋಡ್ರಿ, ಅಂದ್ರ ಆ ಊರಾಗ ಬ್ಯಾಸಿಗಿ ಭಾಳ ಗಿಡ್ಡ. ನನ್ನ ಎರಡು ಬೆರಳ ಅಗಲ ಬೆಳ್ಯಾಕ ಈ ಮರಕ್ಕ ನನ್ನಷ್ಟ ವಯಸ್ಸು ಹಿಡದದ.’

ಅವರು ಹಲಗೆಯ ಮೇಲೆ ಉಗುರಾಡಿಸಿದರು. ‘ಇಷ್ಟು ವರ್ಷ ಈ ಪಾಠ ಹೇಳೇನ್ರಿ. ಈ ಮರ ಮುಟ್ಟಿದ್ದು ಇವತ್ತ.’

ನನ್ನ ಎದೆ ಒಂದು ಗೇಣು ಉಬ್ಬಿತು. ಆ ಸಂಜೆಯೇ ಕೇಳಿಬಿಡಬಹುದಿತ್ತು. ಸಾರು, ನನಗೆ ಇಂಗ್ಲಿಷು ಬರುವುದಿಲ್ಲ, ನಾನು ಓದಿದ್ದು ಮೂರನೆಯದು, ನಿಮ್ಮ ಪುಸ್ತಕದ ಅಕ್ಷರ ನನಗೆ ತಿಳಿಯುವುದಿಲ್ಲ ಎನ್ನಬಹುದಿತ್ತು. ಅವರು ನಗುವವರಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಎಂಟನೆಯದು ಮುಗಿಸಿದವನಿಗೆ ಅಷ್ಟು ಇಂಗ್ಲಿಷು ಬಾರದೆ ಇರುತ್ತದೆಯೇ? ಕೇಳಿದರೆ ಹೊಳೆ, ಪೆಟ್ಟಿಗೆ, ಸರ್ಟಿಫಿಕೇಟು ಎಲ್ಲ ಒಂದೊಂದಾಗಿ ಮೇಲೆ ತೇಲುತ್ತವೆ. ಕೇಳಲಿಲ್ಲ.

ಅಷ್ಟರಲ್ಲಿ ಎರಡು ಸಂಗತಿ ನಡೆದವು. ಮೇಷ್ಟ್ರ ಉಬ್ಬಸ ಕೆದರಿ ಅವರನ್ನು ಬಳ್ಳಾರಿಗೆ ಕರೆದೊಯ್ದರು. ಇನ್‌ಸ್ಪೆಕ್ಟರು ಹೇಳಿದ್ದಕ್ಕಿಂತ ಹತ್ತು ದಿನ ಮೊದಲೇ ಬರುತ್ತಾರೆಂದು ಕಾಗದ ಬಂತು. ಹೋಗುವ ಮುಂಚೆ ಮೇಷ್ಟ್ರು ಭೂಗೋಳದ ಪುಸ್ತಕವನ್ನು ನನ್ನ ಕೈಗಿಟ್ಟು ಏದುಸಿರಿನಲ್ಲಿ ಹೇಳಿದ್ದು ಇಷ್ಟು: ‘ನಡುವ ಬಿಸಿ, ಎರಡು ತುದಿಗೆ ಹೋಧಂಗ ಚಳಿ. ಚಳಿ ಇದ್ದಲ್ಲಿ ಬಿಳಿ ಮರ. ಉಳಿದದ್ದೆಲ್ಲ ಚಿತ್ರದಾಗ ಬರದದ, ಓದ್ಕೊಂಡು ಮಾಡ್ರಿ.’

‘ಗೊತ್ತದ ಬಿಡ್ರಿ.’

ಚಪ್ಪರದಲ್ಲಿ ನಾನು, ಆ ಪುಸ್ತಕ, ಒಂದಾಳು ಎತ್ತರದ ಹಲಗೆ. ಹಿಂದಿನ ಹಲಗೆಗೆ ನೀಲಿ ಬಳಿದು, ನೆಲದ ಆಕಾರಗಳನ್ನು ಕೊರೆದು ಕೂರಿಸಿ, ಮೇಲೆ ಬಿಳಿ ಮರದ ಪಟ್ಟಿಯನ್ನು ಈ ಅಂಚಿನಿಂದ ಆ ಅಂಚಿಗೆ ಹೊಂದಿಸಿದ್ದೆ. ಮೇಷ್ಟ್ರು ಎದುರಿಗಿದ್ದಾಗಲೇ ಅದಾಗಿತ್ತು. ಆ ಪಟ್ಟಿಯ ಮೇಲೆ ಚಿತ್ರದಲ್ಲಿ ಓರೆ ಅಕ್ಷರದಲ್ಲಿ ಏನೋ ಉದ್ದಕ್ಕೆ ಬರೆದಿತ್ತು. ಚಿತ್ರದ ಕೆಳತುದಿಯಲ್ಲೂ ಅದೇ ಥರ ಓರೆ ಅಕ್ಷರ, ಅದೇ ಥರ ಉದ್ದಕ್ಕೆ, ಈ ಅಂಚಿನಿಂದ ಆ ಅಂಚಿಗೆ. ಅಲ್ಲಿ ನೆಲದ ಗೆರೆ ಕಾಣಲಿಲ್ಲ. ಹಳೆ ಪುಸ್ತಕ, ಮಸಿ ಅಳಿಸಿರಬೇಕು ಅಂದುಕೊಂಡೆ.

ಹೆಂಡತಿ ಬಂದು ನೋಡಿದಳು. ‘ಇದೇನು ಬರದದ?’

‘ಚಳಿ ಕಾಡು ಅಂತ.’

‘ಓದಿದ್ರೇನು?’

‘ಓದೋದೇನದ? ಮ್ಯಾಲಿಂದು ಹೆಂಗೋ ಕೆಳಗಿಂದು ಹಂಗ.’

ಇದನ್ನು ಹಾರಿಕೆಯ ಮಾತೆಂದು ತಿಳಿಯಬೇಡಿ. ನಮ್ಮ ಮನೆತನದಲ್ಲಿ ಬಾಗಿಲ ಚೌಕಟ್ಟು ಮಾಡುವಾಗ ಒಂದು ಪದ್ಧತಿಯಿದೆ. ಮೇಲಿನ ಅಡ್ಡಪಟ್ಟಿಯೂ ಕೆಳಗಿನ ಹೊಸ್ತಿಲೂ ಒಂದೇ ಮರದ ಒಂದೇ ದಿಮ್ಮಿಯವಾಗಬೇಕು. ಬೇರೆ ಬೇರೆ ಮರವಾದರೆ ಒಂದು ಮಳೆಗಾಲದಲ್ಲಿ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಚೌಕಟ್ಟು ಸೊಟ್ಟಗಾಗುತ್ತದೆ. ಮೇಲೊಂದು ಕೆಳಗೊಂದು ಹಾಕಿದ ಬಡಿಗನನ್ನು ನಮ್ಮಪ್ಪ ಅಂಗಳಕ್ಕೆ ಸೇರಿಸುತ್ತಿರಲಿಲ್ಲ. ಎರಡು ತುದಿಗೂ ಚಳಿ ಎಂದು ಮೇಷ್ಟ್ರೇ ಹೇಳಿದ್ದಾರೆ. ಮೇಲೆ ಚಳಿಗೆ ಬಿಳಿ ಮರ. ಹಾಗಾದರೆ ಕೆಳಗೆ? ಪ್ರಪಂಚವನ್ನು ಮಾಡಿದವನು ನನಗಿಂತ ಕಡಿಮೆ ಬಡಿಗನೇ? ಎಂಜಿನ್ನಿನ ಪೆಟ್ಟಿಗೆಯ ಅದೇ ಹಲಗೆಯಿಂದ ಇನ್ನೊಂದು ಪಟ್ಟಿ ಸೀಳಿ, ಕೀಸಿ, ಸರೇಸಿನ ಅಂಟು ಕಾಯಿಸಿ ಹಚ್ಚಿ, ಕೆಳಗಿನ ನೀಲಿಯ ಮೇಲೆ ಉದ್ದಕ್ಕೆ ಕೂರಿಸಿದೆ. ದೂರ ನಿಂತು ನೋಡಿದೆ. ಅಷ್ಟು ಹೊತ್ತೂ ಮೇಲ್ಭಾರವಾಗಿ ಕಾಣುತ್ತಿದ್ದ ಪ್ರಪಂಚ ಈಗ ಸರಿಯಾಗಿ ನಿಂತಿತ್ತು.

ಇನ್‌ಸ್ಪೆಕ್ಟರು ಬಂದ ದಿನ ನಕಾಶೆಯ ಮುಂದೆ ಸಾಲಾಗಿ ಕುರ್ಚಿ ಹಾಕಿದ್ದರು. ಕೆಳಗಿನ ಪಟ್ಟಿ ಕುರ್ಚಿಗಳ ಬೆನ್ನ ಹಿಂದೆ ಮರೆಯಾಗಿತ್ತು. ಅವರು ಬಿಳಿಯರು. ಬಂದವರೇ ಮೂಗನ್ನು ಮೇಲಿನ ಬಿಳಿ ಮರಕ್ಕೆ ಹಚ್ಚಿ ಕಣ್ಣು ಮುಚ್ಚಿದರು. ಯಾವ ಚಳಿ ಊರಿನ ನೆನಪು ಬಂತೋ, ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಭೂಗೋಳದ ಮೇಷ್ಟ್ರ ಮೇಲ್ವಿಚಾರಣೆಯಲ್ಲಿ ತಯಾರಾದ ನಕಾಶೆ ತಪ್ಪಿಲ್ಲದ್ದು, ಮಾದರಿಯಾದದ್ದು ಎಂದು ಶಾಲೆಯ ಪುಸ್ತಕದಲ್ಲಿ ಬರೆದುಹೋದರಂತೆ. ಮುಂದಿನ ಸೋಮವಾರದಿಂದ ನಾನು ಮರಗೆಲಸದ ಮೇಷ್ಟ್ರು.

ಭೂಗೋಳದ ಮೇಷ್ಟ್ರು ಬಳ್ಳಾರಿಯಿಂದ ಮರಳಿ ಬಂದು ಹಾಲಿನಲ್ಲಿ ನಿಂತರು. ಕುರ್ಚಿಗಳನ್ನು ತೆಗೆದಿದ್ದರು. ನಾನು ಪಕ್ಕದಲ್ಲಿ ನಿಂತು ಹೊಗಳಿಕೆಗೆ ಕಾಯುತ್ತಿದ್ದೆ.

‘ಕೆಳಗಿಂದು ಏನ್ರಿ ಅದು?’

‘ಚಳಿ ಕಾಡು. ಕೆಳಗಿನ ತುದೀದು.’

‘ಆಚಾರ್ರೇ, ಅಲ್ಲಿ ನೆಲಾನ ಇಲ್ರಿ. ಬರೇ ನೀರು. ಉತ್ತರಕ್ಕ ಅಷ್ಟು ಅಗಲ ನೆಲ ಅದ, ಅದಕ್ಕ ಆ ಕಾಡು. ದಕ್ಷಿಣಕ್ಕ ಅಷ್ಟು ದೂರ ಹೋದ್ರ ಸಮುದ್ರ, ಆಮ್ಯಾಲೆ ಬರ್ಫ. ಆ ಜಾತಿ ಮರ ಅಲ್ಲೊಂದು ಇಲ್ಲೊಂದು ದೇಶದಾಗ ಇರಬೌದು, ಹಿಂಥಾ ಪಟ್ಟಿ ಇಲ್ಲೇ ಇಲ್ಲ. ಸಮುದ್ರ ಅಂತ ಬರದಿತ್ತಲ್ರಿ, ದೊಡ್ಡ ಅಕ್ಷರದಾಗ!’

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲೇ ಅವರಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ನಾನು ಹೆದರಿದ್ದ ನಗೆ ಮಾತ್ರ ಅವರ ತುಟಿಗೆ ಬರಲಿಲ್ಲ. ಅವರ ಮುಖಕ್ಕೆ ಬಂದದ್ದು ನನ್ನಂಥದೇ ಹೆದರಿಕೆ. ತಪ್ಪಿಲ್ಲದ್ದು ಎಂದು ಇನ್‌ಸ್ಪೆಕ್ಟರು ಬರೆದಾಗಿದೆ, ಅದರಲ್ಲಿ ಮೇಷ್ಟ್ರ ಹೆಸರೂ ಇದೆ. ಅವರ ಕೆಲಸ ಕಾಯಂ ಆಗುವ ಕಾಗದ ಮದರಾಸಿನಲ್ಲಿ ಯಾವುದೋ ಮೇಜಿನ ಮೇಲಿದೆ.

‘ಈಗ ಬ್ಯಾಡ’ ಎಂದರು. ‘ಆಮ್ಯಾಲೆ ನೋಡೋಣು.’

ಆಮೇಲೆ ಎನ್ನುವುದು ಮೂರು ವರ್ಷ ಬರಲಿಲ್ಲ.

ಮರಗೆಲಸದ ಕೋಣೆಗೆ ಹೋಗಲು ಆ ಹಾಲನ್ನು ದಾಟಿಯೇ ಹೋಗಬೇಕು. ದಿನಕ್ಕೆ ನಾಲ್ಕು ಸಲ. ಮೊದಮೊದಲು ನಕಾಶೆಯನ್ನು ನೋಡದೆ ಹೋಗುತ್ತಿದ್ದೆ. ಆದರೆ ಆ ವಾಸನೆ! ಬೇಸಿಗೆಯಲ್ಲಿ ಹೆಂಚು ಕಾದು ಹಾಲು ಬಿಸಿಯಾದರೆ ಬಿಳಿ ಮರದ ಗಂಟುಗಳಿಂದ ಅಂಟು ಒಸರಿ ವಾಸನೆ ಬಾಗಿಲಿಗೇ ಬಂದು ನನ್ನನ್ನು ಎದುರುಗೊಳ್ಳುತ್ತಿತ್ತು. ಅಂಥ ಕಾಡನ್ನು ನಾನು ಕಂಡವನಲ್ಲ. ಕಣ್ಣಿಗೆ ಮಾತ್ರ ಬರುತ್ತಿತ್ತು: ನೆಟ್ಟಗೆ ನಿಂತ ಒಂದೇ ಥರದ ಕಂಬಗಳು, ಒಂದರ ಹಿಂದೊಂದು. ನಮ್ಮ ಕಡೆ ಹಾಗಲ್ಲ. ಕಮರದ ಗಿಡ, ಅದರಾಚೆ ಬಂಡೆ, ಅದರಾಚೆ ಬಾಗಿದ ಬೇವು, ಕುರಿಯವನೂ ಗುರುತು ಹಿಡಿದು ಮನೆ ಸೇರುತ್ತಾನೆ. ಅಲ್ಲಿ ಗುರುತೇ ಇಲ್ಲ. ಎತ್ತ ತಿರುಗಿದರೂ ಅದೇ ಮರ. ಕೂಗಿದರೆ ಹಿಮ ದನಿಯನ್ನು ನುಂಗುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಹೊಸಪೇಟೆಯ ಬಿಸಿಲಲ್ಲಿ ಅಂಗಿ ಬೆನ್ನಿಗೆ ಅಂಟಿರುವಾಗ ನಾನು ಅಂಥ ಕಡೆ ನಿಂತಿರುತ್ತಿದ್ದೆ.

ಹೊರಗಿನಿಂದ ನೋಡಿದವರಿಗೆ ನನ್ನದು ಭಾಗ್ಯದ ಬದುಕು. ಚಿತ್ತವಾಡ್ಗಿಯಲ್ಲಿ ‘ಆಚಾರಿ’ ಹೋಗಿ ‘ಮೇಷ್ಟ್ರೇ’ ಬಂತು. ಹಂಪಿ ಬಜಾರಿನ ಅಂಗಡಿಯವರು ಎದ್ದು ನಿಂತು ‘ಬರ್ರಿ, ಕುಂದ್ರಿ’ ಎನ್ನುತ್ತಿದ್ದರು. ಕಂಪ್ಲಿಗೆ ಹೋದರೆ ಮಾವ ನೆರೆಯವರನ್ನೆಲ್ಲ ಕರೆದು ತೋರಿಸುತ್ತಿದ್ದ. ಒಬ್ಬರ ಮನೆಯಲ್ಲಿ ಇಂಗ್ಲಿಷಿನ ತಂತಿ ಬಂತೆಂದು ನನ್ನ ಹತ್ತಿರ ಓಡಿ ಬಂದರು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದೇನೆ ಎಂದೆ. ನನಗೆ ಕನ್ನಡಕವೇ ಇರಲಿಲ್ಲ. ಮರುದಿನ ಕೊಳ್ಳಬೇಕಾಯಿತು. ಸರಿಯಾಗಿ ಕಾಣುತ್ತಿದ್ದ ಕಣ್ಣಿಗೆ ಅದನ್ನು ಹಾಕಿಕೊಂಡು ಉಳಿ ಹಿಡಿದು ಎರಡು ಸಲ ಬೆರಳು ಕೊಯ್ದುಕೊಂಡೆ.

‘ಸುಳ್ಳಿಗೆ ಕಣ್ಣೂ ಕೊಡ್ತೀರೇನ್ರಿ?’ ಎಂದಳು ಹೆಂಡತಿ, ಬೆರಳಿಗೆ ಬಟ್ಟೆ ಸುತ್ತುತ್ತ.

ತಮಾಷೆಯೆಂದರೆ, ಆ ಪಟ್ಟಿಯನ್ನು ಕೀಳುವುದು ಅರ್ಧ ತಾಸಿನ ಕೆಲಸ. ಸರೇಸು ಬಿಸಿ ನೀರಿಗೆ ಬಿಡುತ್ತದೆ. ಒದ್ದೆ ಬಟ್ಟೆ ಹಾಸಿ, ಮೇಲೆ ಕಾದ ಇಸ್ತ್ರಿ ಇಟ್ಟು, ತೆಳು ಉಳಿ ತೂರಿಸಿದರೆ ಮುಗಿಯಿತು. ಹಾಲಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಆದರೆ ಅಷ್ಟುದ್ದದ ಪಟ್ಟಿ ಮಾಯವಾದರೆ ಯಾಕೆ ಎಂದು ಹೆಡ್ಮಾಸ್ಟರು ಕೇಳುತ್ತಾರೆ. ತಪ್ಪಾಗಿತ್ತು ಎಂದರೆ, ಬರೆದದ್ದು ಓದಲು ಬರುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಆಮೇಲೆ ಮೇಷ್ಟ್ರ ಸರದಿ. ಎಲ್ಲಿಂದ ಹೊರಟರೂ ಅದೇ ಮರಕ್ಕೆ ಬಂದು ಮುಟ್ಟುತ್ತಿದ್ದೆ.

ಮೂರನೆಯ ವರ್ಷ, ದೊಡ್ಡ ಪರೀಕ್ಷೆಗೆ ಇನ್ನು ಸ್ವಲ್ಪ ದಿನವಿರುವಾಗ, ಭೂಗೋಳದ ಮೇಷ್ಟ್ರು ಒಂದು ಕಾಗದದ ಕಟ್ಟು ಹಿಡಿದು ಮರಗೆಲಸದ ಕೋಣೆಗೆ ಬಂದರು. ಬೆಂಚಿನ ಮೇಲೆ ಒಂದೊಂದಾಗಿ ಹರಡಿದರು. ಹತ್ತನೆಯ ತರಗತಿಯ ಹುಡುಗರು ಬರೆದ ನಕಾಶೆಗಳು. ಸೂಜಿಯೆಲೆ ಕಾಡು ಎಲ್ಲೆಲ್ಲಿದೆ, ಗುರುತಿಸಿ ಎಂದು ಅವರು ಕೊಟ್ಟಿದ್ದರು. ಅರ್ಧಕ್ಕರ್ಧ ಹುಡುಗರು ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ ಎಳೆದಿದ್ದರು. ಒಬ್ಬನಂತೂ ಬಹಳ ಆಸ್ಥೆಯಿಂದ ಒಂದೊಂದೇ ಮರ ಬಿಡಿಸಿದ್ದ. ಚೂಪು ತಲೆಯ ಸಣ್ಣ ಸಣ್ಣ ಮರಗಳು, ನೀರಿನ ಮೇಲೆ ಸಾಲಾಗಿ.

‘ಪಾಠದಾಗ ಸರಿಯಾಗ ಹೇಳೇನ್ರಿ’ ಎಂದರು. ‘ಒಬ್ಬ ಹುಡುಗ ಎದ್ದು ನಿಂತು ಕೇಳೇ ಬಿಟ್ಟ, ಸಾರ್, ಗೋಡಿ ಮ್ಯಾಲೆ ಐತಲ್ಲ, ಇನ್‌ಸ್ಪೆಕ್ಟರ್ ಸಾಹೇಬ್ರೇ ತಪ್ಪಿಲ್ಲ ಅಂತ ಬರದಾರಲ್ಲ ಅಂತ. ಏನು ಹೇಳ್ಲಿ? ಕುಂದ್ರಲೇ ಅಂದೆ.’

‘ಇವಕ್ಕ ಸೊನ್ನಿ ಕೊಟ್ರೇನು?’

‘ಇಲ್ಲ. ಎರಡು ವರ್ಷದಿಂದ ಮಾರ್ಕು ಕೊಡಾಕ ಹತ್ತೇನಿ.’ ಅವರು ನನ್ನ ಮುಖ ನೋಡಲಿಲ್ಲ. ‘ನಿಮ್ಮ ಸಲುವಾಗಿ ಅಲ್ಲ. ನನ್ನ ಸಲುವಾಗಿ. ಆದ್ರ ದೊಡ್ಡ ಪರೀಕ್ಷಿ ಕಾಗದ ಮದರಾಸಿನ್ಯಾಗ ತಿದ್ತಾರ. ಅಲ್ಲಿಯವರು ಈ ಗೋಡಿ ನೋಡಿಲ್ಲ.’

ಕಾಗದಗಳನ್ನು ಅಲ್ಲೇ ಬಿಟ್ಟು ಅವರು ಹೊರಟುಹೋದರು. ನಾನು ಆ ನೀರಿನ ಮೇಲಿನ ಮರಗಳನ್ನು ನೋಡುತ್ತ ನಿಂತೆ. ಅವನ್ನು ಬಿಡಿಸಿದ ಹುಡುಗ ಸಂಡೂರಿನ ಗಣಿ ಕೂಲಿಯವನ ಮಗ. ಮೂರನೆಯದಕ್ಕೆ ಬಿಡದೆ ಇಲ್ಲಿಯವರೆಗೆ ಬಂದವನು. ನನಗೆ ಸಿಕ್ಕದ್ದು ಅವನಿಗೆ ಸಿಕ್ಕಿತ್ತು, ನಾನು ಅದನ್ನೇ ಕೆಡಿಸುತ್ತಿದ್ದೆ. ಅವನ ಪೆನ್ಸಿಲಿನ ಗೆರೆ ಎಷ್ಟು ನಂಬಿಕೆಯಿಂದ ಒತ್ತಿತ್ತೆಂದರೆ, ಕಾಗದದ ಹಿಂಬದಿಗೆ ಮೂಡಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಈ ಸಲ ಅವಳು ಚುಚ್ಚಲಿಲ್ಲ.

‘ಕೆಲಸ ಹೋಗ್ತದ’ ಎಂದೆ.

‘ಹೋಗ್ಲಿ. ಗಾಲಿ ಮಾಡೋದು ಮರೆತೀರೇನು?’

‘ಮಂದಿ ನಗ್ತಾರ.’

‘ನಗ್ಲಿ ಬಿಡ್ರಿ. ಮೂರು ವರ್ಷದಿಂದ ನೀವು ನಕ್ಕಿದ್ದು ನಾ ನೋಡಿಲ್ಲ. ಮಂದಿಯಾದ್ರೂ ನಗ್ಲಿ.’

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಹುಡುಗರೆಲ್ಲ ಹಾಲಿನಲ್ಲಿ ಸೇರಿದ್ದಾಗ ನಾನು ಮನೆಯಿಂದ ತಂದ ಇದ್ದಲ ಇಸ್ತ್ರಿ, ನೀರಿನ ಕೊಡ, ಒದ್ದೆ ಬಟ್ಟೆ, ತೆಳು ಉಳಿ ಹಿಡಿದು ನಕಾಶೆಯ ಮುಂದೆ ಹೋಗಿ ಕೂತೆ. ಹೆಡ್ಮಾಸ್ಟರು ‘ಏನಿದು?’ ಎಂದರು. ನಾನು ಎದ್ದು ನಿಂತೆ. ನಾಲಿಗೆ ತನ್ನಷ್ಟಕ್ಕೆ ತಾನೇ ಗೊತ್ತದ ಬಿಡ್ರಿ ಎನ್ನಲು ಹೊರಟಿತ್ತು. ಹಲ್ಲು ಕಚ್ಚಿ ತಡೆದೆ.

‘ಕೆಳಗಿನ ಪಟ್ಟಿ ತಪ್ಪದರಿ ಸಾರು. ಅಲ್ಲಿ ಸಮುದ್ರ ಅಂತ ಬರದಿತ್ತು. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನಾ ಓದಿದ್ದು ಮೂರನೇದು. ಸರ್ಟಿಫಿಕೇಟು ಹೊಳ್ಯಾಗ ಹೋಗಿಲ್ಲ, ಇರ್ಲೇ ಇಲ್ಲ. ಭೂಗೋಳದ ಮೇಷ್ಟ್ರು ಆವಾಗ ಊರಾಗಿರ್ಲಿಲ್ಲ, ಇದರಾಗ ಅವರದೇನಿಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಓಡಿದ್ದೆನೋ ಆ ನಗೆ ಕೊನೆಗೂ ಬಂತು. ಕಿವಿಗೆ ಬಿತ್ತು, ಹೋಯಿತು. ಅಷ್ಟೇ. ನಾನು ಕೂತು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಇಟ್ಟೆ. ಆವಿ ಎದ್ದು ಆ ಚಳಿ ದೇಶದ ವಾಸನೆ ಹಾಲಿನ ತುಂಬ ಹರಡಿತು. ಪಟ್ಟಿ ಅಂಚಿನಿಂದ ಮೆಲ್ಲಗೆ ಬಿಡುತ್ತ ಬಂದು, ನಡುವೆ ಒಂದು ಕಂದು ಗೆರೆಗುಂಟ ಸೀಳಿತು. ಎರಡು ತುಂಡನ್ನೂ ಬಗಲಲ್ಲಿ ಇಟ್ಟುಕೊಂಡೆ.

ಭೂಗೋಳದ ಮೇಷ್ಟ್ರು ಹುಡುಗರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ‘ನೋಡ್ಕೊಳ್ರಿ. ಅಲ್ಲಿ ಬರೇ ನೀರು’ ಎಂದರು. ಆಮೇಲೆ ಹೆಡ್ಮಾಸ್ಟರ ಕಡೆ ತಿರುಗಿ, ‘ನಂಗೂ ಗೊತ್ತಿತ್ರಿ ಸಾರ್. ಮೂರು ವರ್ಷದಿಂದ’ ಎಂದರು. ಅವರು ಹೀಗೆ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ತಪ್ಪಿಸಿಕೊಳ್ಳಲು ನಾನು ತೆರೆದುಕೊಟ್ಟ ದಾರಿಯನ್ನು ಅವರು ಬೇಡವೆಂದರು.

ಹೆಡ್ಮಾಸ್ಟರು ಕೂಗಾಡುವ ಜಾತಿಯಲ್ಲ. ಕೋಣೆಗೆ ಕರೆದು ಕಾಗದ ಕೊಟ್ಟು, ನಡೆದದ್ದನ್ನು ಬರೆದು ಕೆಲಸ ಬಿಟ್ಟಿದ್ದೇನೆ ಎಂದು ಸಹಿ ಮಾಡು ಎಂದರು. ‘ಕನ್ನಡದಲ್ಲೇ ಬರಿ’ ಎಂದರು. ಹತ್ತು ಸಾಲು ಬರೆಯಲು ನನಗೆ ಊಟದ ಗಂಟೆಯವರೆಗೆ ಹಿಡಿಯಿತು. ಅವರು ಕಾದರು. ಭೂಗೋಳದ ಮೇಷ್ಟ್ರನ್ನು ಬಿಡಲಿಲ್ಲ, ಆದರೆ ಅವರ ಕಾಯಂ ಕಾಗದ ಇನ್ನೂ ಎರಡು ವರ್ಷ ತಡವಾಯಿತು.

ಬಗಲಲ್ಲಿ ಬಂದ ಎರಡು ತುಂಡಿನಲ್ಲಿ ಹೆಂಡತಿಗೆ ಮಸಾಲೆ ಡಬ್ಬಿಗಳನ್ನಿಡುವ ಹಲಗೆ ಮಾಡಿದೆ. ಮೆಣಸಿನಕಾಯಿಯ ಘಾಟಿಗೂ ಆ ವಾಸನೆ ಬಹಳ ದಿನ ಸೋಲಲಿಲ್ಲ. ನಾನು ಮತ್ತೆ ಗಾಲಿಗೆ ಮರಳಿದೆ. ಕನ್ನಡಕವನ್ನು ಮಾವನಿಗೆ ಕೊಟ್ಟೆ. ಅವನಿಗೆ ಸರಿಯಾಗಿ ಕಂಡಿತು. ಕೆಲವರು ವರ್ಷಗಟ್ಟಲೆ ‘ಮೂರನೇದು ಮೇಷ್ಟ್ರು’ ಎಂದು ಕರೆದರು. ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೊಮ್ಮೆ ಬೆಂಚು ರಿಪೇರಿಗೆಂದು ಅದೇ ಶಾಲೆಗೆ ಕರೆದರು. ಹಾಲಿನ ಒಂದು ಮೂಲೆಯಲ್ಲಿ ಕೂತು ಬೆಂಚಿನ ಕಾಲು ಕೆತ್ತುತ್ತಿದ್ದೆ. ಭೂಗೋಳದ ಮೇಷ್ಟ್ರಿಗೆ ವರ್ಗವಾಗಿತ್ತು. ಹೊಸಬರೊಬ್ಬರು ಹುಡುಗರನ್ನು ನಕಾಶೆಯ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಪಟ್ಟಿ ಕಿತ್ತ ಜಾಗದಲ್ಲಿ ನೀಲಿ ಬಣ್ಣಕ್ಕೆ ಮೂರು ವರ್ಷ ಬೆಳಕು ತಾಗಿರಲಿಲ್ಲ. ಉಳಿದ ಸಮುದ್ರವೆಲ್ಲ ಮಾಸಿ ಬೂದಿಯಾಗಿದ್ದರೂ, ಕೆಳಗಿನ ಅಷ್ಟುದ್ದ ಮಾತ್ರ ನಿನ್ನೆ ಬಳಿದಂತಿತ್ತು.

ಹೊಸ ಮೇಷ್ಟ್ರು ಬೆತ್ತ ಅಲ್ಲಿಟ್ಟು, ‘ಇಲ್ಲಿ ಬಣ್ಣ ದಟ್ಟ ಇದೆ ನೋಡಿ, ಅಂದರೆ ಸಮುದ್ರ ಬಹಳ ಆಳ’ ಎಂದರು. ಹುಡುಗರು ಬರೆದುಕೊಳ್ಳಲು ತಲೆ ತಗ್ಗಿಸಿದರು.

ನಾನು ಉಳಿ ಕೆಳಗಿಟ್ಟೆ.

‘ಸಾರು, ಆಳದ ಮಾತು ನನಗ ಗೊತ್ತಿಲ್ರಿ’ ಎಂದೆ. ‘ಆದ್ರ ಆ ಬಣ್ಣ ಯಾಕ ಹಂಗದ ಅಂತ ಗೊತ್ತದ. ಹೇಳ್ಲೇನ್ರಿ?’